ಗೌರಾದೇವಿ ಕಟ್ಟಿದ ಮೂವತ್ತೊಂದು ಪುಸ್ತಕ

ಗೌರಾದೇವಿ ಮಾಡಿದ್ದು ತಪ್ಪೇ ಎಂದು ಕೇಳಿದರೆ ಸಿಯಾಟಲ್ ಸುತ್ತಲಿನ ಕನ್ನಡಿಗರಲ್ಲಿ ಅರ್ಧ ಜನ ಹೌದೆನ್ನುತ್ತಾರೆ. ಉಳಿದವರು ಕತೆ ಪೂರ್ತಿ ಗೊತ್ತಿಲ್ಲದೆ ನಗುತ್ತಾರೆ. ಆಕೆಯನ್ನೇ ಕೇಳಿದರೆ, “ಯಾವ್ಯಾವ್ದು ತಪ್ಪು, ಒಂದೊಂದ ಹೇಳ್ರಿ. ಒಂದೊಂದಕ್ಕ ಉತ್ತರ ಕೊಡ್ತೀನಿ” ಎಂದು ಸೆರಗು ಸಿಕ್ಕಿಸಿ ಕೂರುತ್ತಾಳೆ. ಆಕೆಗೆ ಅರವತ್ತೇಳು ವರ್ಷ. ರೆಡ್ಮಂಡ್‌ನಲ್ಲಿ ಮಗಳು ವೈಶಾಲಿ, ಅಳಿಯ ಮಲ್ಲೇಶ ಇಬ್ಬರೂ ಸಾಫ್ಟ್‌ವೇರಿನವರು. ಆಕೆ ಅವರ ಮನೆಯಲ್ಲಿದ್ದಾಳೆ. ಅಲ್ಲಿಗೆ ಬರುವ ಮೊದಲು ನಲವತ್ತು ವರ್ಷ ಗದಗ-ಬೆಟಗೇರಿಯ ಅಚ್ಚುಕೂಟಗಳಲ್ಲಿ ಪುಸ್ತಕ ಕಟ್ಟಿದವಳು.

ಅಚ್ಚುಕೂಟದಲ್ಲಿ ಒಂದು ದೊಡ್ಡ ಹಾಳೆಯ ಮೇಲೆ ಹದಿನಾರು ಪುಟ ಒಟ್ಟಿಗೆ ಅಚ್ಚಾಗಿ ಬರುತ್ತದೆ. ಅದಕ್ಕೆ ಫಾರಂ ಎನ್ನುತ್ತಾರೆ. ಅದನ್ನು ಮಡಚುವುದು, ಜೋಡಿಸುವುದು, ಹೊಲಿಯುವುದು ಹೆಂಗಸರ ಕೆಲಸ. ಕೈ ಮಡಚುತ್ತಿದ್ದರೆ ಕಣ್ಣು ಸುಮ್ಮನಿರುತ್ತದೆಯೇ? ಮೂರನೇ ಫಾರಂ ಪಾಲಿಗೆ ಬಂದವಳು ಕಾದಂಬರಿಯನ್ನು ಮೂವತ್ತಮೂರನೇ ಪುಟದಿಂದ ಓದುತ್ತಿದ್ದಳು, ನಲವತ್ತೆಂಟಕ್ಕೆ ಬಿಡುತ್ತಿದ್ದಳು. ಬಾವಿಗೆ ಬಿದ್ದವನು ಮೇಲೆ ಬಂದನೋ ಇಲ್ಲವೋ ತಿಳಿಯಬೇಕಾದರೆ ಎದುರು ಕೂತವಳನ್ನು ಕೇಳಬೇಕು. ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ಎಂಟು ಹೆಂಗಸರು ಎಂಟು ತುಂಡು ಕತೆಯನ್ನು ಕೂಡಿಸಿ ಒಂದು ಮಾಡುತ್ತಿದ್ದರು. ಒಬ್ಬಳು ರಜೆ ಹಾಕಿದರೆ ಕತೆಯ ನಡುವೆ ಹದಿನಾರು ಪುಟ ಖಾಲಿ. ಗೌರಾದೇವಿ ಹೀಗೆ ನೂರಾರು ಪುಸ್ತಕ ಓದಿದ್ದಾಳೆ, ಒಂದನ್ನೂ ಪೂರ್ತಿ ಓದಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಆಕೆ ಗಂಡಸರ ಕೆಲಸವನ್ನೂ ಕಲಿತಳು. ರಟ್ಟು ಕೂರಿಸುವುದು, ಬೆನ್ನಿಗೆ ಬಟ್ಟೆ ಹಾಕುವುದು, ಮೂರು ಬದಿ ಕತ್ತರಿಸಿ ಸಮ ಮಾಡುವುದು ಎಲ್ಲವನ್ನೂ ಕಲಿತಳು. ಸೂಪರ್‌ವೈಸರ್ ಬೇಡವೆಂದ. ಆಕೆ ಅವನ ಊಟದ ಹೊತ್ತಿನಲ್ಲಿ ಕೂತು ಹನ್ನೆರಡು ಪುಸ್ತಕ ಕಟ್ಟಿ, ಗಂಡಸರು ಕಟ್ಟಿದವುಗಳ ಜೊತೆ ಬೆರೆಸಿ ಅವನ ಮೇಜಿನ ಮೇಲಿಟ್ಟಳು. ಯಾವುದು ಗಂಡಸರದು ಯಾವುದು ತನ್ನದು ಹೇಳೆಂದಳು. ಅವನಿಗೆ ಗುರುತು ಸಿಗಲಿಲ್ಲ, ಆಕೆ ಆ ಕೆಲಸ ಬಿಡಲೂ ಇಲ್ಲ.

ಈಗ ಪ್ರಭಾಕರರ ವಿಷಯ. ಸಿಯಾಟಲ್ ಪಕ್ಕದ ಸರೋವರದ ನಡುವಿರುವ ಮರ್ಸರ್ ಐಲ್ಯಾಂಡ್‌ನ ಪ್ರಭಾಕರರಿಗೆ ಎಂಬತ್ಮೂರು. ಅರವತ್ತರ ದಶಕದಲ್ಲಿ ಮೈಸೂರಿನಿಂದ ಇಲ್ಲಿನ ಯೂನಿವರ್ಸಿಟಿಗೆ ಓದಲು ಬಂದು, ಆಮೇಲೆ ವಿಮಾನದ ರೆಕ್ಕೆಗಳ ಲೆಕ್ಕ ಮಾಡುತ್ತ ನಿವೃತ್ತರಾದವರು. ಬಂದ ಮೊದಲ ಚಳಿಗಾಲದಲ್ಲಿ ಯಾರದೋ ಗ್ಯಾರೇಜಿನ ಮುಂದೆ ಹಳೇ ಪುಸ್ತಕಗಳ ಒಂದು ಡಬ್ಬ ಸಿಕ್ಕಿತು. ನೂರು ವರ್ಷದ ಹಿಂದೆ ಅಮೆರಿಕದ ಗಂಡುಹುಡುಗರಿಗಾಗಿ ಸರಣಿಯಾಗಿ ಬರುತ್ತಿದ್ದ ಸಾಹಸದ ಪುಸ್ತಕಗಳು. ಅಣ್ಣತಮ್ಮಂದಿರಿಬ್ಬರು, ಜೊತೆಗೊಬ್ಬ ದಪ್ಪನೆಯ ಗೆಳೆಯ. ಒಂದು ಪುಸ್ತಕದಲ್ಲಿ ಗಾಳಿಹಡಗು, ಇನ್ನೊಂದರಲ್ಲಿ ಜಲಾಂತರ್ಗಾಮಿ, ಮತ್ತೊಂದರಲ್ಲಿ ಮೋಟಾರ್ ದೋಣಿ. ಪ್ರತಿ ಅಧ್ಯಾಯದ ಕೊನೆಯಲ್ಲಿ ಯಾರಾದರೂ ಕೆಳಗೆ ಬೀಳುತ್ತಿರುತ್ತಾರೆ. ಎರಡನೇ ಅಧ್ಯಾಯದಲ್ಲಿ ಮಾತ್ರ ಲೇಖಕ ಕತೆ ನಿಲ್ಲಿಸಿ, ಹಿಂದಿನ ಪುಸ್ತಕಗಳಲ್ಲಿ ಏನೇನಾಯಿತೆಂದು ಹೇಳಿ, ಓದಿರದಿದ್ದರೆ ಓದಬೇಕೆಂದು ಕಿವಿಮಾತು ಹೇಳಿ ಮುಂದಕ್ಕೆ ಹೋಗುತ್ತಾನೆ. ಪ್ರಭಾಕರರು ಅಮೆರಿಕನ್ ಇಂಗ್ಲಿಷ್ ಕಲಿತದ್ದು ಈ ಹುಡುಗರಿಂದ. ಮುಂದೆ ಹುಡುಕಿ ಹುಡುಕಿ ನಾನೂರು ಕೂಡಿಸಿದರು. ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಗ ಉದಯ್ ಆ ಮನೆಯಲ್ಲಿ ಹುಟ್ಟಿ ಬೆಳೆದ. ಅವನಿಗೆ ಒಂದನ್ನೂ ಮುಟ್ಟಲು ಬಿಡಲಿಲ್ಲ.

ಅವರಿಗಿದ್ದ ಆಸೆ ಒಂದೇ. ಹಳೆಯ ಮಕ್ಕಳ ಪುಸ್ತಕಗಳನ್ನು ಕಾಯ್ದಿಡುವ ಒಂದು ಸಂಗ್ರಹಾಲಯಕ್ಕೆ ಇವನ್ನು ಕೊಡಬೇಕು, ಆ ಕಪಾಟಿನ ಮೇಲೆ ‘ಪ್ರಭಾಕರ ಸಂಗ್ರಹ’ ಎಂದಿರಬೇಕು. ಸಿಯಾಟಲ್‌ನ ಫ್ರೀಮಾಂಟ್‌ನಲ್ಲಿ ಕೆಲಸ ಮಾಡುವ ಉದಯ್ ಎರಡು ವರ್ಷ ಓಡಾಡಿ ಮಾತುಕತೆ ಮುಗಿಸಿದ್ದ.

ಅಷ್ಟರಲ್ಲಿ ಪ್ರಭಾಕರರ ಸೊಂಟದ ಆಪರೇಷನ್ ಆಯಿತು. ಆರು ವಾರ ಆರೈಕೆ ಕೇಂದ್ರದಲ್ಲಿದ್ದರು. ಹೆಂಡತಿ ವಾಸಂತಿಗೆ, ಅವರು ಬರುವಷ್ಟರಲ್ಲಿ ಏನಾದರೂ ಒಳ್ಳೆಯದು ಮಾಡಿಡಬೇಕೆನ್ನಿಸಿತು. ಬೀಗ ತೆಗೆದು ನೋಡಿದರೆ ಬೀರುವಿನಲ್ಲಿ ಒಂದು ಸರಣಿ ಪೂರ್ತಿ, ಮೂವತ್ತೊಂದು ಪುಸ್ತಕ, ಬೆನ್ನು ಬಿರಿದು ಹಾಳೆ ಉದುರುವ ಸ್ಥಿತಿಯಲ್ಲಿದ್ದವು. ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಗೌರಾದೇವಿ ಸಿಕ್ಕಳು.

“ನಮ್ಮವರ ಹಳೇ ಪುಸ್ತಕ ಬಿಚ್ಚಿಹೋಗಿವೆ. ಸ್ವಲ್ಪ ಸರಿಮಾಡಿ ಕೊಡ್ತೀರಾ?” ಎಂದರು ವಾಸಂತಿ.

“ಸ್ವಲ್ಪ ಯಾಕ್ರೀ, ಪೂರಾ ಮಾಡ್ತೀನಿ” ಎಂದಳು ಗೌರಾದೇವಿ. ಆಪತ್ತು ಅಲ್ಲಿಂದ ಶುರುವಾಯಿತು.

ಗ್ಯಾರೇಜಿನಿಂದ ಮಲ್ಲೇಶನ ಕಾರು ಹೊರಗೆ ಹೋಯಿತು, ಆಕೆಯ ಮೇಜು ಒಳಗೆ ಬಂತು. ಮೈದಾ ಕುದಿಸಿ ಗಂಜಿ ಮಾಡಿದಳು. ಹುಳ ಹಿಡಿಯದಿರಲೆಂದು ಅದಕ್ಕೆ ಹಾಕುವ ಮೈಲುತುತ್ತ ಇಲ್ಲಿ ಎಲ್ಲಿ ಸಿಗಬೇಕು? ಕಡೆಗೆ ಹಾರ್ಡ್‌ವೇರ್ ಅಂಗಡಿಯಲ್ಲಿ, ಚರಂಡಿಗೆ ನುಗ್ಗುವ ಮರದ ಬೇರು ಕೊಲ್ಲುವ ಪುಡಿಯೆಂಬ ಹೆಸರಿನಲ್ಲಿ ಸಿಕ್ಕಿತು. ಬೆನ್ನಿಗೆ ಗಟ್ಟಿ ಬಟ್ಟೆ ಬೇಕಿತ್ತು. ಮಲ್ಲೇಶನ ನಾಲ್ಕು ಹಳೇ ಜೀನ್ಸ್ ಪ್ಯಾಂಟು ಅದಕ್ಕಾಯಿತು. ನಾಲ್ಕರಲ್ಲಿ ಒಂದು ಅಷ್ಟೇನೂ ಹಳೆಯದಾಗಿರಲಿಲ್ಲ ಎಂದು ಮಲ್ಲೇಶ ಈಗಲೂ ಹೇಳುತ್ತಾನೆ.

ನಮ್ಮಲ್ಲಿ ಪುಸ್ತಕ ಕಟ್ಟಲು ಕೊಡುವವರು ಯಾರು? ವಾರಪತ್ರಿಕೆಯಿಂದ ಧಾರಾವಾಹಿ ಕತ್ತರಿಸಿಟ್ಟುಕೊಂಡು, ಮುಗಿದ ಮೇಲೆ ಕಂತೆ ಹಿಡಿದು ಬೈಂಡಿಂಗಿಗೆ ಬರುವವರು. ಅವರಿಗೆ ಕತೆ ಬೇಕು, ಸೋಪಿನ ಜಾಹೀರಾತು ಬೇಡ. ಜಾಹೀರಾತಿನ ಪುಟ ಉಳಿಸಿಕೊಟ್ಟರೆ ಬೈಸಿಕೊಳ್ಳಬೇಕು. ಗೌರಾದೇವಿಯ ಕೈಗೆ ನಲವತ್ತು ವರ್ಷದ ಅಭ್ಯಾಸ. ಈ ಅಮೆರಿಕದ ಪುಸ್ತಕಗಳ ಕೊನೆಯಲ್ಲಿ ಆರೆಂಟು ಪುಟ ಬೇರೆ ಪುಸ್ತಕಗಳ ಪಟ್ಟಿಯಿತ್ತು, ಹರಿದು ತೆಗೆದಳು. ಮೇಲೆ ಚಿತ್ರದ ಕಾಗದದ ಹೊದಿಕೆಯಿತ್ತು, ಚಿಂದಿಯಾಗಿತ್ತು, ತೆಗೆದಳು. ರಟ್ಟು ಸೊಟ್ಟಗಾಗಿತ್ತು, ಅದರ ಮೇಲಿನ ಗಾಳಿಹಡಗಿನ ಚಿತ್ರವನ್ನಷ್ಟೇ ಕತ್ತರಿಸಿ ಹೊಸ ರಟ್ಟಿನ ಮೇಲೆ ಅಂಟಿಸಿದಳು. ಹೊಲಿದು, ಒತ್ತಿಟ್ಟು, ಪ್ರಿಂಟ್ ಅಂಗಡಿಯೊಂದರಲ್ಲಿ ಮೂರು ಬದಿ ಕತ್ತರಿಸಿ ತಂದಳು. ತೆಗೆದದ್ದೆಲ್ಲ ರದ್ದಿಯ ನೀಲಿ ಡಬ್ಬಕ್ಕೆ ಹೋಯಿತು. ಗುರುವಾರ ಲಾರಿ ಬಂದು ಒಯ್ದಿತು.

ಹೊಲಿಯುತ್ತ ಓದಿದಳು ಕೂಡ. ಇಂಗ್ಲಿಷ್ ಅಕ್ಷರ ಮೊದಲೇ ಗೊತ್ತಿತ್ತು. ಲೈಬ್ರರಿಯ ಕ್ಲಾಸಿಗೆ ಎರಡು ವರ್ಷ ಹೋಗಿ ಓದುವುದನ್ನು ಕಲಿತಿದ್ದಳು, ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದಳು. ಜೀವಮಾನದಲ್ಲಿ ಮೊದಲ ಬಾರಿಗೆ ಎಲ್ಲ ಫಾರಂ ಆಕೆಯ ಪಾಲಿಗೇ ಬಂದಿದ್ದವು. ಬಿದ್ದವನು ಮೇಲೆ ಬರುವುದನ್ನು ಆಕೆಯೇ ನೋಡಿದಳು. ಆ ಸಂತೋಷಕ್ಕೆ ಒಂದು ದಿನ ಅನ್ನ ಸೀದುಹೋಯಿತು. ಎಲ್ಲವೂ ಹಿಡಿಸಿತೆಂದಲ್ಲ. ಅಷ್ಟು ಪುಸ್ತಕಗಳಲ್ಲಿ ಹೆಣ್ಣುಮಕ್ಕಳಿಗೆ ಬುತ್ತಿ ಕಟ್ಟುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಒಂದರಲ್ಲಿ ಹುಡುಗರು ಹಿಂದೂಸ್ಥಾನದ ಮೇಲೆ ಹಾರಿದಾಗ ಪೇಟ ಸುತ್ತಿದವನೊಬ್ಬ ಮಂಡಿಯೂರಿ, ಬಿಳಿಯ ದೇವರುಗಳು ಬಂದರೆಂದು ನಡುಗುತ್ತಾನೆ. ಮೊಮ್ಮಗಳು ನವ್ಯಾ ಅದನ್ನು ನೋಡಿ, “ಅಜ್ಜಿ, ದಿಸ್ ಈಸ್ ಸೋ ರೇಸಿಸ್ಟ್. ಜಸ್ಟ್ ಟೇರ್ ಇಟ್ ಔಟ್” ಎಂದಳು. ಗೌರಾದೇವಿ ಆ ಫಾರಂಗೆ ಒಂದು ಹೊಲಿಗೆ ಹೆಚ್ಚಿಗೆ ಹಾಕಿದಳು.

“ಹರಿದ್ರ ಬರದಾವ ಪಾರಾಗ್ತಾನ. ಇರ್ಲಿ. ಓದಿದವ್ರು ಬೈಬೇಕಲ್ಲ” ಎಂದಳು.

ಪ್ರಭಾಕರರು ಮನೆಗೆ ಬಂದ ದಿನ ವಾಸಂತಿ ಮೂವತ್ತೊಂದನ್ನೂ ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಹೊಗಳಿಕೆ ಕೇಳಲು ಗೌರಾದೇವಿಯೂ ಹೋಗಿದ್ದಳು. ಪ್ರಭಾಕರರು ವಾಕರ್ ಹಿಡಿದು ನಿಂತೇ ಒಂದನ್ನು ತೆರೆದರು. ಕೊನೆಯ ಪುಟ ನೋಡಿದರು. ಇನ್ನೊಂದರ ಕೊನೆಯ ಪುಟ ನೋಡಿದರು.

“ಪಟ್ಟಿ ಎಲ್ಲಿ?” ಎಂದರು.

“ಜಾಹೀರಾತೇನ್ರಿ? ತೆಗದೀನಿ.”

“ಪುಸ್ತಕ ಯಾವ ವರ್ಷದ ಮುದ್ರಣ ಅಂತ ಗೊತ್ತಾಗೋದೇ ಆ ಪಟ್ಟಿಯಿಂದ. ಅದರಲ್ಲಿ ಕೊನೇಗೆ ಯಾವ ಪುಸ್ತಕದ ಹೆಸರಿದೆ ಅನ್ನೋದೇ ಅದರ ಜಾತಕ. ಹೊದಿಕೆ ಎಲ್ಲಿ?”

ಗೌರಾದೇವಿ ನೀಲಿ ಡಬ್ಬದ ವಿಷಯ ಹೇಳಿದಳು. ಪ್ರಭಾಕರರು ಕುರ್ಚಿಯಲ್ಲಿ ಕೂತು ಗೋಡೆಯ ಕಡೆ ತಿರುಗಿದರು. ಮೂರು ವಾರ ಆಕೆಯೊಡನೆ ಮಾತಾಡಲಿಲ್ಲ. ಗೌರಾದೇವಿ ಮನೆಗೆ ಬಂದು ಗಂಜಿಯ ಪಾತ್ರೆ ತಿಕ್ಕಿ ಕವುಚಿ ಹಾಕಿದಳು. ಜಾತಕದ ಪುಟ ಹರಿದದ್ದು ತಪ್ಪೆಂದು ಮಗಳ ಮುಂದೆ ಒಪ್ಪಿಕೊಂಡಳು. ಆದರೆ ಕೈ ಹಚ್ಚಿದ್ದೇ ತಪ್ಪೆಂದು ವೈಶಾಲಿ ಅಂದಾಗ ತಿರುಗಿಬಿದ್ದಳು.

ನಾಲ್ಕನೇ ವಾರ ಪ್ರಭಾಕರರಿಂದ ಫೋನು ಬಂತು.

“ಹದಿನಾಲ್ಕು ಓದಿ ಮುಗಿಸಿದೆ” ಎಂದರು, ಪೀಠಿಕೆಯಿಲ್ಲದೆ. “ಐವತ್ತು ವರ್ಷದಿಂದ ತೆರೆದಿರಲಿಲ್ಲ. ತೆರೆದರೆ ಪುಡಿಯಾಗ್ತಿತ್ತು. ಆದರೂ ನೀವು ಮಾಡಿದ್ದು ಸರಿಯಲ್ಲ.”

“ಹದಿನೈದನೇದ್ರಾಗ ಆ ದಪ್ಪನ ಹುಡುಗ ದೋಣಿ ಮುಳುಗಿಸ್ತಾನ ನೋಡ್ರಿ” ಎಂದಳು ಗೌರಾದೇವಿ.

“ಹೇಳಬೇಡಿ, ನಾನಿನ್ನೂ ಅಲ್ಲಿಗೆ ಬಂದಿಲ್ಲ” ಎಂದು ಫೋನಿಟ್ಟರು.

ಆಮೇಲೆ ವಾರಕ್ಕೆರಡು ಸಲ ಫೋನು. ಅಂಥ ಒಂದು ಮಾತಿನಲ್ಲೇ ಆಕೆ ಕೇಳಿದ್ದು: ಇಷ್ಟು ಪುಸ್ತಕ ಬರೆದ ಮನುಷ್ಯ ಎಂಥವನಿದ್ದ? ಪ್ರಭಾಕರರು ನಕ್ಕರು. ರಟ್ಟಿನ ಮೇಲಿರುವ ಹೆಸರಿನ ಮನುಷ್ಯನೇ ಹುಟ್ಟಿರಲಿಲ್ಲ ಎಂದರು. ಆ ಹೆಸರು ಸರಣಿ ಹೊರಡಿಸುತ್ತಿದ್ದ ಕಂಪನಿ ಕಟ್ಟಿದ್ದು. ಕಂಪನಿ ಎರಡು ಪುಟದಲ್ಲಿ ಕತೆಯ ಹಂದರ ಬರೆದು ಯಾರಿಗಾದರೂ ಕೊಡುತ್ತಿತ್ತು. ಅವರು ತಿಂಗಳೊಪ್ಪತ್ತಿನಲ್ಲಿ ಪುಸ್ತಕ ಬರೆದುಕೊಟ್ಟು, ಇದು ನನ್ನದೆಂದು ಎಲ್ಲೂ ಹೇಳುವುದಿಲ್ಲವೆಂದು ಸಹಿ ಹಾಕಿ ಹೋಗುತ್ತಿದ್ದರು. ಈ ಮೂವತ್ತೊಂದನ್ನು ಎಷ್ಟು ಜನ ಬರೆದರೋ ಯಾರಿಗೂ ಗೊತ್ತಿಲ್ಲ. ಗೌರಾದೇವಿ ಫೋನಿಟ್ಟು ಲೆಕ್ಕ ಹಾಕಿದಳು. ತಾನು ಹೊಲಿದ ಸಾವಿರಾರು ಪುಸ್ತಕಗಳಲ್ಲಿ ಬರೆದವನ ಹೆಸರಿತ್ತು, ಪ್ರಕಾಶಕನ ಹೆಸರಿತ್ತು, ಅಚ್ಚುಕೂಟದ ಹೆಸರಿತ್ತು. ಹೊಲಿದವಳ ಹೆಸರು ಒಂದರಲ್ಲೂ ಇರಲಿಲ್ಲ. ಇದು ಅನ್ಯಾಯವೆಂದು ಆಕೆಗೆ ಅದುವರೆಗೆ ಅನ್ನಿಸಿರಲೇ ಇಲ್ಲ. ಆ ಸಂಜೆ ಅನ್ನಿಸಿತು, ಸಿಟ್ಟೂ ಬಂತು.

ಸಂಗ್ರಹಾಲಯದವರು ಪರೀಕ್ಷೆಗೆ ಬಂದದ್ದು ಏಪ್ರಿಲಿನ ಒಂದು ಶನಿವಾರ ಬೆಳಗ್ಗೆ. ಉದಯ್ ಗೌರಾದೇವಿಯನ್ನೂ ಅಪ್ಪನ ಮನೆಗೆ ಕರೆಸಿದ್ದ. ಬಂದಾಕೆ ಮಿಸೆಸ್ ಹಾಲ್ವರ್ಸನ್, ಸಭ್ಯ ಹೆಂಗಸು, ಕೈಗೆ ಬಿಳಿಯ ಗ್ಲೌಸು. ಬೀರುವಿನ ಮುಂದೆ ಎರಡು ಗಂಟೆ ಕೂತು ಒಂದೊಂದನ್ನೂ ಕೂಸನ್ನೆತ್ತುವ ಹಾಗೆ ಎತ್ತಿ ನೋಡಿದಳು. ಮೂವತ್ತೊಂದರ ಹತ್ತಿರ ಬಂದಾಗ ಗ್ಲೌಸು ಕಳಚಿಟ್ಟಳು. ಅವಕ್ಕೆ ಅದರ ಅಗತ್ಯವಿಲ್ಲವೆಂದು ಅರ್ಥ. ಗೌರಾದೇವಿ ಅದನ್ನು ನೋಡಿದಳು.

ಉದಯ್ ಒಂದು ಹಾಳೆ ತಂದು ಗೌರಾದೇವಿಯ ಮುಂದಿಟ್ಟ. ಪೂರ್ತಿ ಸರಣಿಗಳಿರುವ ಸಂಗ್ರಹಕ್ಕೆ ಮಾತ್ರ ಕೊಟ್ಟವರ ಹೆಸರಿಡುವುದು ಸಂಗ್ರಹಾಲಯದ ನಿಯಮ. ಈ ಸರಣಿ ಕೆಟ್ಟಿರುವುದರಿಂದ ಒಂದು ದಾರಿ ಹುಡುಕಿದ್ದರು. ತರಬೇತಿಯಿಲ್ಲದ ವ್ಯಕ್ತಿಯೊಬ್ಬರು ಮಾಲೀಕರ ಒಪ್ಪಿಗೆಯಿಲ್ಲದೆ ಈ ಮೂವತ್ತೊಂದನ್ನು ಹಾಳುಮಾಡಿದ್ದಾರೆ, ಉಳಿದವನ್ನು ಮುಟ್ಟಿಲ್ಲ ಎಂದು ಆ ವ್ಯಕ್ತಿಯೇ ಬರೆದುಕೊಡಬೇಕು. ಆಗ ಸಂಗ್ರಹಾಲಯವೇ ಬೇರೆ ಪ್ರತಿಗಳನ್ನು ಹುಡುಕಿ ಸಾಲು ತುಂಬಿಸುತ್ತದೆ, ಇವನ್ನು ವಿಲೇವಾರಿ ಮಾಡುತ್ತದೆ. ಕೆಳಗೆ ಗೌರಾದೇವಿಯ ಹೆಸರು ಅಚ್ಚಾಗಿತ್ತು, ಅದರ ಮುಂದೆ ಸಹಿಗೆ ಗೆರೆ.

“ಆಂಟೀ, ಇಟ್ಸ್ ಜಸ್ಟ್ ಎ ಫಾರ್ಮಾಲಿಟಿ” ಎಂದ ಉದಯ್. “ಅಪ್ಪನಿಗೆ ಇದು ತುಂಬಾ ಇಂಪಾರ್ಟೆಂಟ್. ಪ್ಲೀಸ್.”

ಗೌರಾದೇವಿ ಬೆರಳಿಟ್ಟು ಪೂರ್ತಿ ಓದಿದಳು. ಯಾರೂ ಅವಸರ ಮಾಡಲಿಲ್ಲ. ಪ್ರಭಾಕರರು ಕಿಟಕಿಯ ಹತ್ತಿರ ಕೂತು ಸರೋವರ ನೋಡುತ್ತಿದ್ದರು.

“ಜಾಹೀರಾತಿನ ಪುಟ ಹರದದ್ದು ತಪ್ಪು. ಹೊದಿಕೆ ಎಸದದ್ದು ತಪ್ಪು. ಅದನ್ನ ಬರ್ಕೊಡ್ತೀನಿ, ಸಹಿ ಮಾಡ್ತೀನಿ” ಎಂದಳು. “ಹಾಳ ಮಾಡೀನಿ ಅಂತ ಬರಿಯೂದಿಲ್ಲ. ತರಬೇತಿ ಇಲ್ಲ ಅಂತನೂ ಬರಿಯೂದಿಲ್ಲ. ನಲವತ್ತ ವರ್ಷ ನಾ ಮಾಡಿದ್ದೇನು, ದನ ಕಾಯೂದೇನು?”

ಉದಯ್ ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದ. ಮಿಸೆಸ್ ಹಾಲ್ವರ್ಸನ್ ಕೆಟ್ಟವಳಲ್ಲ, ತಾಳ್ಮೆಯಿಂದಲೇ ವಿವರಿಸಿದಳು. ತಮ್ಮ ಪಟ್ಟಿಯಲ್ಲಿ ಎರಡೇ ಅಂಕಣಗಳಿವೆ, ಒಂದು ಮೂಲ ಸ್ಥಿತಿ, ಇನ್ನೊಂದು ಹಾಳಾದದ್ದು. ಮೂರನೆಯದಿಲ್ಲ.

“ಮೂರನೇದು ಗೀಟ ಹಾಕ್ಕೋರಿ” ಎಂದಳು ಗೌರಾದೇವಿ. “ಇಲ್ಲಂದ್ರ ಒಂದ ಕೆಲಸ ಮಾಡ್ರಿ. ನಿಮ್ಮ ಮೂಲ ಸ್ಥಿತಿದೊಂದು ಪುಸ್ತಕ ಆ ಬೀರುವಿನ್ಯಾಗಿಂದ ತಗದು ನನಗೊಂದು ಪುಟ ಓದಿ ಹೇಳ್ರಿ.”

ಉದಯ್ ಅದನ್ನೂ ಇಂಗ್ಲಿಷಿಗೆ ತಿರುಗಿಸಿದ. ತೆರೆದರೆ ಬೆನ್ನು ಸೀಳುತ್ತದೆ, ಆಗುವುದಿಲ್ಲವೆಂದಳು ಮಿಸೆಸ್ ಹಾಲ್ವರ್ಸನ್.

ಗೌರಾದೇವಿ ತಾನು ಕಟ್ಟಿದ್ದೊಂದನ್ನು ಎಳೆದುಕೊಂಡು ನಡುವೆ ತೆರೆದಳು, ಮೇಜಿನ ಮೇಲಿಟ್ಟು ಎರಡೂ ಕೈ ತೆಗೆದಳು. ಪುಸ್ತಕ ಮಲಗಿದ್ದಲ್ಲೇ ಮಲಗಿತು. ಹುಡುಗರು ಗಾಳಿಹಡಗಿನ ಕೆಳಗೆ ಹಗ್ಗಕ್ಕೆ ಜೋತುಬಿದ್ದಿದ್ದ ಪುಟ. ತಡವರಿಸುತ್ತ ಇಂಗ್ಲಿಷಿನಲ್ಲಿ ಅರ್ಧ ಪುಟ ಓದಿದಳು. ಗ್ಲೌಸಿನಾಕೆ ಕೇಳಿದಳು, ವಾಸಂತಿ ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದರು. ಉದಯ್‌ಗೆ ನಲವತ್ತಾರು ವರ್ಷ; ತನ್ನ ಮನೆಯ ಬೀರುವಿನೊಳಗೆ ಏನಿತ್ತೆಂದು ಅವನು ಮೊದಲು ಕೇಳಿದ್ದು ಆವತ್ತು.

“ಕೂಸಿನ್ಹಂಗ ಎತ್ತಿದ್ರಿ. ಆದ್ರ ಮಾತಾಡಿಸ್ಲಿಕ್ಕೆ ಬರೂದಿಲ್ಲ ಅಂತೀರಿ” ಎಂದಳು. “ಹುಡುಗೂರು ಓದ್ಲಿ ಅಂತ ಮಾಡಿದ್ದ ಸಾಮಾನು ಇದು. ಓದಿ ಓದಿ ಹರೀತು. ಹರದದ್ದನ್ನ ನಾ ಮತ್ತ ಓದೂಹಂಗ ಮಾಡೀನಿ. ಇದಕ್ಕ ಹಾಳ ಅಂದ್ರ, ನಾ ಮಾಡಿದ ಕೆಲಸೆಲ್ಲ ಹಾಳು. ಅಷ್ಟು ಕೆಲಸಕ್ಕ ಒಂದ ದಿನ ಯಾರೂ ನನ್ನ ಹೆಸರು ಕೇಳಲಿಲ್ಲ. ಇವತ್ತ ಕೇಳಿದ್ರಿ, ಅದೂ ತಪ್ಪಿಗೆ.”

ಹಾಳೆಯನ್ನು ಉದಯ್ ಕಡೆ ಸರಿಸಿದಳು. ಇದರ ಬೆಲೆ ಯಾರು ತೆರಬೇಕೆಂದು ಆಕೆಗೆ ಗೊತ್ತಿತ್ತು. ಕಪಾಟಿನ ಮೇಲೆ ಹೆಸರು ಕಾಣುವ ಆಸೆ ಇಟ್ಟುಕೊಂಡ ಮುದುಕರು ಕಿಟಕಿಯ ಹತ್ತಿರವೇ ಕೂತಿದ್ದರು. ಅವರನ್ನು ನೋಡಿದರೆ ಎಲ್ಲಿ ಸಹಿ ಹಾಕಿಬಿಡುತ್ತೇನೋ ಎಂದು ಆಕೆ ಆ ಕಡೆ ನೋಡಲಿಲ್ಲ.

ಪ್ರಭಾಕರರೇ ಹೇಳಲಿ ಎಂದಳು ಮಿಸೆಸ್ ಹಾಲ್ವರ್ಸನ್.

ಹೆಸರಿನ ಆಸೆ ಸುಲಭಕ್ಕೆ ಬಿಡುವಂಥದ್ದಲ್ಲ. ಕಡೆಗೆ ಪ್ರಭಾಕರರು ವಾಕರ್ ಊರಿ ಎದ್ದು ಮೇಜಿನ ಹತ್ತಿರ ಬಂದರು.

“ನಾನಿನ್ನೂ ಇಪ್ಪತ್ತೆರಡನೇದರಲ್ಲಿದೀನಿ” ಎಂದರು. “ಇವನ್ನ ಕೊಡೋಕಾಗಲ್ಲ. ಉಳಿದದ್ದು ಹೆಸರಿಲ್ಲದೆ ಬೇಕಿದ್ದರೆ ತಗೊಂಡುಹೋಗಿ.”

“ಅಪ್ಪಾ, ಆರ್ ಯೂ ಶೂರ್?” ಎಂದ ಉದಯ್.

“ಶೂರ್ ಏನಲ್ಲ. ಆದರೆ ಹಾಗೇ ಮಾಡು.”

ಮಿಸೆಸ್ ಹಾಲ್ವರ್ಸನ್ ಹಾಳೆಯನ್ನು ಮಡಚಿ ಚೀಲಕ್ಕಿಟ್ಟುಕೊಂಡಳು. ಮಂಡಳಿಗೆ ತಿಳಿಸುತ್ತೇನೆಂದಳು. ಹೊರಡುವ ಮುನ್ನ, ತೆರೆದಿದ್ದ ಪುಸ್ತಕದ ಬೆನ್ನನ್ನು ಬರಿಗೈಯಲ್ಲಿ ಒಮ್ಮೆ ಒತ್ತಿ ನೋಡಿದಳು.

ಕಾರು ಹೋದ ಮೇಲೆ ಗೌರಾದೇವಿ ಪೆನ್ನು ಕೇಳಿದಳು. ವಾಸಂತಿ ಕೊಟ್ಟರು. ಒಂದನೇ ಪುಸ್ತಕದ ಹಿಂದಿನ ರಟ್ಟಿನ ಒಳಬದಿಯಲ್ಲಿ, ಜಾಹೀರಾತಿನ ಪುಟಗಳಿದ್ದ ಕಡೆ, ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದಳು: ಕಟ್ಟಿದವಳು ಗೌರಾದೇವಿ, ಬೆಟಗೇರಿ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಹಳೆಯ ಪುಸ್ತಕದ ಮೇಲೆ ಬರೆಯಬಾರದೆಂದು ಐವತ್ತು ವರ್ಷ ಮನೆಯವರಿಗೆಲ್ಲ ಪಾಠ ಹೇಳಿದ್ದ ಪ್ರಭಾಕರರು ಆಕೆಯ ಹೆಗಲ ಮೇಲಿಂದ ಬಗ್ಗಿ ನೋಡಿದರು. ಪುಸ್ತಕವನ್ನು ಎತ್ತಿಕೊಂಡು ಮೊದಲ ಪುಟಕ್ಕೆ ತಿರುಗಿಸಿದರು. ಅಲ್ಲಿ ಹುಟ್ಟದೇ ಇದ್ದ ಲೇಖಕನ ಹೆಸರು ದೊಡ್ಡದಾಗಿ ಅಚ್ಚಾಗಿತ್ತು. ಮತ್ತೆ ಕೊನೆಗೆ ತಿರುಗಿಸಿದರು.

“ಈ ಪುಸ್ತಕದಲ್ಲಿ ನಿಜವಾದ ಹೆಸರು ಅಂತಿರೋದು ಇದೊಂದೇ” ಎಂದರು.

ಗೌರಾದೇವಿ ಎರಡನೆಯದಕ್ಕೆ ಕೈ ಚಾಚಿದಳು. ಉದಯ್ ತೆಗೆದುಕೊಟ್ಟ.